ಪೆಟ್ಟಿಗೆಯಂತೆ ಅತ್ತದ್ದು

ಬಿಸಿಲುಮಾಸ ಮೂವತ್ತೇಳು, ೨೨೩೧
ಮೇಲಿನ ದಂಡೆ

ಹಿಂದಿನ ಹಿರಿಯರಿಗೆ ಹೊನ್ನವ್ವನ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತದಲ್ಲಿ ತಪ್ಪಿದ್ದರೆ ಮನ್ನಿಸಬೇಕು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದ್ದೇನೆ. ಮೇಲೆ ಹಾಕಿದ ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ಬೇಸಿಗೆ ಉದ್ದವಾದ ಮೇಲೆ ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಲವತ್ತು ದಿನಗಳ ಬಿಸಿಲುಮಾಸವನ್ನು ಸೇರಿಸಿದ್ದಾರೆ. ಆ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಗೋಡೆ ಕಟ್ಟುವುದಿಲ್ಲ. ಸಾಯುವವರು ಮಾತ್ರ ಸಾಯುತ್ತಾರೆ. ನನ್ನ ಅವ್ವ ಸತ್ಯವ್ವ ತೀರಿಕೊಂಡದ್ದು ಈ ತಿಂಗಳಲ್ಲೇ.

ನಮ್ಮ ಊರು ನದಿಯ ಹಿನ್ನೀರಿಗೆ ಹೆದರಿ ಮೂರು ಸಲ ಎತ್ತರಕ್ಕೆ ಸರಿದಿದೆ. ಇಲ್ಲಿ ಮೆಣಸಿನಕಾಯಿ ಬೆಳೆಯುತ್ತೇವೆ. ಬಿತ್ತುವುದು, ಬಿಡಿಸುವುದು, ತೊಟ್ಟು ಮುರಿಯುವುದು ಎಲ್ಲವೂ ಯಂತ್ರದ ಕೆಲಸ. ಅವ್ವ ಅಲ್ಲಿ ಕೈಸಾಕ್ಷಿಯಾಗಿದ್ದಳು. ಕೈಸಾಕ್ಷಿ ಎಂದರೆ, ಯಂತ್ರ ಆರಿಸಿದ ಕಾಯಿಯ ಮುಂದೆ ನಿಂತು, ಹಲಗೆಯ ಮೇಲೆ ಕೈಯಿಟ್ಟು, ‘ನೋಡಿದ್ದೇನೆ’ ಎಂದು ಹೇಳುವವರು. ಯಂತ್ರವೊಂದೇ ಯಾವುದನ್ನೂ ನಿರ್ಧರಿಸಬಾರದು ಎಂದು ನಿಮ್ಮ ಕಾಲದವರು ಹಟ ಹಿಡಿದು ಮಾಡಿಸಿದ ಕಟ್ಟಳೆಯಂತೆ ಅದು. ಈಗ ಯಾರೂ ನೋಡುವುದಿಲ್ಲ, ಕೈ ಮಾತ್ರ ಇಡುತ್ತಾರೆ. ಅವ್ವ ಒಂದೊಂದು ಬುಟ್ಟಿಯನ್ನೂ ಬಗ್ಗಿ ನೋಡುತ್ತಿದ್ದಳು. ಮೇಲ್ವಿಚಾರಕ ಬೇಗ ಬೇಗ ಎಂದರೆ, “ನೋಡಲಾರದ ನೋಡೀನಿ ಅಂದ್ರ ನನ್ನ ಕಣ್ಣ ಯಾತಕ್ಕ ಬೇಕಪ್ಪಾ? ಕಿತ್ತ ನಿನ್ನ ಯಂತ್ರಕ್ಕ ಹಚ್ಚು” ಎನ್ನುತ್ತಿದ್ದಳು. ಬಾಯಿ ಜೋರು. ಊರಿನಲ್ಲಿ ಅವಳಿಂದ ಬೈಸಿಕೊಳ್ಳದವರು ಇರಲಿಲ್ಲ.

ನಿಮ್ಮ ಕಾಲದಲ್ಲಿ ಈ ಸೀಮೆಯ ಹೆಂಗಸರು ಸತ್ತವರ ಸುತ್ತ ಕುಳಿತು ಮಾತು ಜೋಡಿಸಿ, ಹಾಡಿಕೊಂಡು ಅಳುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಯಾವ ಸೀರೆಗೆ ಆಸೆಪಟ್ಟಿದ್ದಳು, ಯಾರ ಮೇಲೆ ಮುನಿಸಿಕೊಂಡು ಊಟ ಬಿಟ್ಟಿದ್ದಳು ಎಲ್ಲವೂ ಆ ಅಳುವಿನಲ್ಲಿ ಬರುತ್ತಿತ್ತಂತೆ. ನಮ್ಮಲ್ಲಿ ಅದಕ್ಕೆ ಅಳುಪೆಟ್ಟಿಗೆ ಇದೆ. ಸತ್ತವರ ತಲೆಯ ಹತ್ತಿರ ಇಡುತ್ತಾರೆ. ಅದು ಏಳು ಹೆಂಗಸರ ದನಿಯಲ್ಲಿ, ಒಮ್ಮೆಯೂ ಉಸಿರು ಕಟ್ಟದೆ, ಎಲ್ಲರ ಕಣ್ಣಲ್ಲೂ ನೀರು ಬರುವ ಹಾಗೆ ಅಳುತ್ತದೆ. ಅಳು ಮುಗಿಯದೆ ಹೆಣ ಎತ್ತುವಂತಿಲ್ಲ. ಆ ಪದ್ಧತಿ ಹಾಗೆಯೇ ಉಳಿದಿದೆ. ಆದ್ದರಿಂದ ಪೆಟ್ಟಿಗೆ ಎಲ್ಲರಿಗೂ ಬೇಕು.

ಹಾಸಿಗೆ ಹಿಡಿದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದು, “ಆ ಪೆಟ್ಟಿಗಿ ನನ್ನ ಹತ್ರ ತರಬ್ಯಾಡ. ನೀನ ಅಳು” ಎಂದಳು.

“ನನಗ ಬರೂದಿಲ್ಲವ್ವಾ” ಎಂದೆ. ನಾನು ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ.

“ಅಳಾಕೂ ಕಲೀಬೇಕೇನ? ಹುಟ್ಟಿದಾಗ ಓಣಿ ಮಂದೀನೆಲ್ಲಾ ಎಬ್ಬಿಸಿದ್ದಿ. ಕೆಟ್ಟದಾಗಿ ಅತ್ತರೂ ನಡೀತೈತಿ, ನನ್ನ ಬೈಕೋಂತ ಅತ್ತರೂ ನಡೀತೈತಿ. ನನ್ನನ್ನ ಅಳು. ಬ್ಯಾರೆ ಯಾರನ್ನೋ ಅಳಬ್ಯಾಡ.”

ಆಯಿತು ಎಂದೆ.

ಅವ್ವ ಹೋದ ದಿನ ಮನೆ ತುಂಬ ಜನ ಬಂದರು. ಅಪ್ಪನ ತಂಗಿ ಪಾರವ್ವ ಅತ್ತೆ ಒಳಗೆ ಕಾಲಿಟ್ಟವಳೇ, “ಪೆಟ್ಟಿಗಿ ಎಲ್ಲೈತಿ?” ಎಂದು ಕೇಳಿದಳು. ಅವ್ವ ಬೇಡ ಎಂದಿದ್ದಾಳೆ, ನಾನೇ ಅಳುತ್ತೇನೆ ಎಂದೆ. ಎಲ್ಲರೂ ನನ್ನನ್ನು ನೋಡುತ್ತಾ ಕುಳಿತರು. ಬಿಸಿಲು ಏರುತ್ತಿತ್ತು. ಹೊರಗೆ ಹೊರುವವರು ಕಾಯುತ್ತಿದ್ದರು.

“ಅಳತಿದ್ದರ ಅಳವಾ. ಹಿಂಗ ಸುಮ್ಮ ಕುಂತರ ಸತ್ಯವ್ವನ ಎದ್ದು ಬೈತಾಳ” ಎಂದಳು ಅತ್ತೆ. ಯಾರೋ ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡರು.

ಆಗ ಬಾಯಿ ತೆರೆದೆ. ಹೊರಗೆ ಬಂದದ್ದು ಹೀಗೆ: “ಹಾಲಿನಂಥ ಮನಸಿನಾಕಿ, ಎದುರಾಡಿ ಅರಿಯದಾಕಿ, ತಂಪು ಮಾತಿನ ತಾಯಿ…” ನೂರು ಮನೆಗಳಲ್ಲಿ ಪೆಟ್ಟಿಗೆಯಿಂದ ಕೇಳಿದ ಸಾಲುಗಳು, ಅದೇ ರಾಗ. ಇದು ನನ್ನ ಅವ್ವ ಅಲ್ಲ ಎಂದು ಗೊತ್ತಾಗುತ್ತಿತ್ತು. ಬೇರೆ ಸಾಲಿಗಾಗಿ ತಡಕಾಡಿದೆ. ಅವ್ವ ಬುಟ್ಟಿಗೆ ಬಗ್ಗುವಾಗ ಸೊಂಟ ಹಿಡಿದುಕೊಂಡು ಮೆಣಸಿನಕಾಯಿಗೇ ಬೈಯುತ್ತಿದ್ದದ್ದು ಕಣ್ಣ ಮುಂದೆ ಇತ್ತು. ಅದಕ್ಕೆ ಮಾತು ಸಿಗಲಿಲ್ಲ. ಪೆಟ್ಟಿಗೆಯ ಸಾಲುಗಳು ಮಾತ್ರ ಒಂದರ ಹಿಂದೆ ಒಂದು ತಾವಾಗಿಯೇ ಬಂದವು.

ಮುಗಿದಾಗ ಎಲ್ಲರೂ ಕಣ್ಣೊರೆಸಿಕೊಂಡರು. ಅತ್ತೆ ನನ್ನ ಬೆನ್ನು ಸವರಿ, “ಎಷ್ಟ ಚಂದ ಅತ್ತಿ ನನ ಮಗಳ, ಥೇಟ ಪೆಟ್ಟಿಗಿ ಅತ್ತಂಗಾತು” ಎಂದಳು. ಅವಳು ಮನಸಾರೆ ಹೊಗಳಿದಳು. ಆಮೇಲೆ ಎತ್ತಿದರು. ಅವರು ತಂಪು ಮಾತಿನ ಯಾವಳನ್ನೋ ಹೊತ್ತುಕೊಂಡು ಹೋದ ಹಾಗಾಯಿತು. ಇನ್ನೊಮ್ಮೆ ಅಳುವುದಕ್ಕೆ ಅವ್ವ ಇಲ್ಲ.

ನಿಮ್ಮ ಕಾಲದಲ್ಲಿ ಇಂಥ ಯಂತ್ರಗಳ ಬಗ್ಗೆ ದೊಡ್ಡ ವಾದಗಳು ನಡೆದವಂತೆ. ಯಾರ ಕೆಲಸ ಹೋಗುತ್ತದೆ, ಮಕ್ಕಳಿಗೆ ಕೊಡಬೇಕೋ ಬೇಡವೋ, ತಪ್ಪಿದರೆ ಹೊಣೆ ಯಾರದು ಎಂದೆಲ್ಲ. ಅವು ಬೇಕಾದ ವಾದಗಳೇ ಇರಬೇಕು. ಕೆಲವು ಕೆಲಸ ಹೋದವು, ಕೆಲವು ಬೇರೆ ರೂಪದಲ್ಲಿ ಬಂದವು, ನಾವು ಹೇಗೋ ಉಣ್ಣುತ್ತಿದ್ದೇವೆ. ಆದರೆ ಗೆಳತಿಯ ಮನೆಯಲ್ಲಿ ಸಾವಾದಾಗ ನಾಲ್ಕು ಮಾತು ಬರೆದುಕೊಡು ಎಂದು ಮೊದಲ ಸಲ ಯಂತ್ರವನ್ನು ಕೇಳಿದವರು ಯಾರೋ ಗೊತ್ತಿಲ್ಲ; ಅಳುಪೆಟ್ಟಿಗೆ ಶುರುವಾದದ್ದು ಅಲ್ಲಿಂದಲೇ ಇರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಮಾತು ಸರಿಹೋಗುವುದಿಲ್ಲ ಎಂದು ನಾಚಿಕೊಂಡಿರಬೇಕು. ಆ ನಾಚಿಕೆ ನನಗೆ ಚೆನ್ನಾಗಿ ಗೊತ್ತು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮವರು ಯಾರಾದರೂ ಹೋದಾಗ ನೀವೇ ಏನಾದರೂ ಹೇಳಿ. ತೊದಲಿದರೂ ಹೇಳಿ, ಹತ್ತಿರ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಅವರು ಅದನ್ನು ಕೇಳಿ ತಮ್ಮ ಮಕ್ಕಳೆದುರು ಆಡಿದರೆ, ಬಾಯಿಂದ ಬಾಯಿಗೆ ದಾಟಿ ಎಂದಾದರೂ ನನ್ನಂಥ ಒಬ್ಬಳ ಬಾಯಿಗೆ ಬಂದೀತು.

ಇಂದು ಬೆಳಿಗ್ಗೆ ಪಕ್ಕದ ಮನೆಯ ಸಿದ್ಲಿಂಗವ್ವನ ಆಡಿನ ಮರಿ ಸತ್ತಿತ್ತು. ಅವಳು ಮರಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. “ಇದರದು ಒಂದ ಕಿವಿ ಮಡಚಿತ್ತಲ್ಲ ಚಿಗವ್ವಾ” ಎಂದೆ. “ಹೌದವಾ, ಎಡಗಿವಿ” ಎಂದು ಅವಳು ಆ ಕಿವಿಯನ್ನು ಬಿಡಿಸಿ ನೋಡಿದಳು. ಕೈ ತೆಗೆದಾಗ ಅದು ಮತ್ತೆ ಮಡಚಿಕೊಂಡಿತು. ಆಗ ಅವಳು ಅಳತೊಡಗಿದಳು.