ನಂಜುಂಡಯ್ಯ ಬೆಂಚಿನಲ್ಲಿ

ಅಕ್ಟೋಬರ್ 5, ಬೆಳಿಗ್ಗೆ 11.20

ಇವತ್ತೂ ಇಲ್ಲ. ನಂಜುಂಡಯ್ಯ ನಾಲ್ಕು ಸಲ ಬ್ಯಾಟ್ ಹಿಡಿದ, ನಾಲ್ಕು ಸಲವೂ ಔಟ್. ಹತ್ತೊಂಬತ್ತು ಪಂದ್ಯವಾಯಿತು, ಒಂದು ಹೋಂ ರನ್ ಇಲ್ಲ. ಸೆಪ್ಟೆಂಬರ್ ಮಧ್ಯದವರೆಗೆ ಮೂವತ್ತೊಂದು ಹೊಡೆದವನು! ಆನ್‌ಲೈನ್ ಬೇಸ್‌ಬಾಲ್ ಲೀಗ್, ಹನ್ನೆರಡು ತಂಡ, ನನ್ನ ‘ಅರಸೀಕೆರೆ ಕೋಕೋನಟ್ಸ್’ ಹತ್ತನೆಯದು. ತಿಂಗಳ ಕೊನೆಗೆ ಕಟ್ಟಕಡೆಗಿದ್ದರೆ ಮ್ಯಾನೇಜರ್‌ಗಿರಿ ಕಿತ್ತುಕೊಳ್ಳುತ್ತಾರೆ. ಐದು ವರ್ಷ ಕಟ್ಟಿದ ತಂಡ...

ಮಂಜುಳಾ ಕಾಫಿ ಕುಕ್ಕಿ ಹೋದಳು. “ಬ್ಯಾಟೂ ಇಲ್ಲ, ಬಾಲೂ ಇಲ್ಲ. ಆಡೋದು ಕಂಪ್ಯೂಟರು. ಬಿ.ಪಿ. ಮಾತ್ರ ನಿಮ್ಗೆ.” ಹೆಂಡತಿಯ ಕಾಫಿ ಕುಡಿದು ಮತ್ತೆ ಟ್ಯಾಬ್ ಎತ್ತಿಕೊಂಡೆ.

ಅಕ್ಟೋಬರ್ 6

ಅಪ್ಪ ಮತ್ತೆ ತೋಟಕ್ಕೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿ ಇನ್ನೂ ಹನ್ನೆರಡೇ ದಿನ. ಹಾಸನದ ಡಾಕ್ಟರು ಕೈಮುಗಿದು ಹೇಳಿದ್ದರು — ಇಪ್ಪತ್ತನಾಲ್ಕನೇ ತಾರೀಕಿನವರೆಗೆ ಮಚ್ಚು ಮುಟ್ಟಬೇಡಿ, ಭಾರ ಎತ್ತಬೇಡಿ. ಹೋಗಿ ನೋಡಿದರೆ ತೆಂಗಿನ ಗರಿ ಸೀಳುತ್ತಿದ್ದಾರೆ. ಬೆವರು ಸುರಿಯುತ್ತಿದೆ.

“ಸುಮ್ನೆ ಕೂತ್ರೆ ತುಕ್ಕು ಹಿಡೀತದೆ ಕಣ್ಲಾ.”

ದಸರಾ ರಜೆ ಅಂತ ಖುಷಿಪಟ್ಟಿದ್ದೆ. ಇನ್ನೂರು ಮಕ್ಕಳನ್ನು ಒಂದೇ ವಿಷಲ್‌ಗೆ ನಿಲ್ಲಿಸುವ ಪಿ.ಟಿ. ಮೇಷ್ಟ್ರು ನಾನು. ಒಬ್ಬ ಅಪ್ಪನನ್ನು ಕೂರಿಸಲಾಗುತ್ತಿಲ್ಲ.

ಅಕ್ಟೋಬರ್ 8

ಬೇಲೂರಿನಿಂದ ಬಸವಕುಮಾರನ ಫೋನು. ಇದೇ ಲೀಗ್‌ನಲ್ಲಿ ಅವನದೂ ತಂಡವಿದೆ. ಮೂರನೇ ಸ್ಥಾನ, ಅದರ ಗತ್ತು ಬೇರೆ.

“ಏನ್ಲಾ, ನಿನ್ನ ನಂಜುಂಡಯ್ಯನ ಸುಸ್ತಿನ ಮೀಟರ್ ಕೆಂಪಗೈತೆ, ನೋಡಿಲ್ವಾ? ನೂರಿಪ್ಪತ್ತು ಮ್ಯಾಚು, ಒಂದ್ ದಿನ ರೆಸ್ಟ್ ಕೊಟ್ಟಿಲ್ಲ!”

ಕೊಡುವುದು ಹೇಗೆ? ಕಂಪ್ಯೂಟರ್ ಹುಟ್ಟಿಸಿದ ಆಟಗಾರನಿಗೆ ನಮಗಿಷ್ಟ ಬಂದ ಹೆಸರಿಡಬಹುದು. ದೊಡ್ಡ ಹೊಡೆತಗಾರ ಸಿಕ್ಕ ಸಂಭ್ರಮದಲ್ಲಿ ಅಪ್ಪನ ಹೆಸರಿಟ್ಟೆ. ಆಮೇಲೆ ‘ನಂಜುಂಡಯ್ಯ — ಬೆಂಚಿಗೆ’ ಅಂತ ಒತ್ತಲು ಬೆರಳೇ ಬರಲಿಲ್ಲ. ಬಸವ ಬಿದ್ದು ಬಿದ್ದು ನಕ್ಕ. ನಗದೆ ಏನು, ಅವನು ತನ್ನ ಮಾವನ ಹೆಸರಿಟ್ಟ ಆಟಗಾರನನ್ನು ಮೊದಲ ವಾರವೇ ಬೇರೆ ತಂಡಕ್ಕೆ ಸಾಗಹಾಕಿದವನು.

ಅಕ್ಟೋಬರ್ 9, 11.40

ಮತ್ತೆ ಸೊನ್ನೆ. ತಾಳ್ಮೆ ತಪ್ಪಿ ಕೂಗಿಬಿಟ್ಟೆ: “ಈ ನಂಜುಂಡಯ್ಯನ್ನ ಕಟ್ಕೊಂಡು ಸಾಕಾಯ್ತು!”

ತಿರುಗಿದರೆ ಬಾಗಿಲಲ್ಲಿ ಅಪ್ಪ. ಹೆಗಲ ಮೇಲೆ ಟವಲ್, ಕೈಯಲ್ಲಿ ಮಚ್ಚು.

ಎಲ್ಲ ಹೇಳಬೇಕಾಯಿತು. ಹೋಂ ರನ್ ಅಂದರೆ ಸಿಕ್ಸರ್ ಇದ್ದಹಾಗೆ ಅನ್ನುವಲ್ಲಿಂದ ಶುರುಮಾಡಿ ಕೆಂಪು ಮೀಟರ್‌ವರೆಗೆ. ಬಹಳ ಹೊತ್ತು ಟ್ಯಾಬ್ ನೋಡಿದರು.

“ಇವ್ನು ದಣಿದವ್ನೆ ಕಣ್ಲಾ. ಕೂರ್ಸು.”

“ನೀವು ಕೂತ್ರೆ ಕೂರಿಸ್ತೀನಿ.” ಸಿಟ್ಟಿನಲ್ಲಿ ಬಾಯಿಗೆ ಬಂದದ್ದು.

“ಆಯ್ತು ಬಿಡು. ಇವ್ನು ಕೂತಷ್ಟು ದಿನ ನಾನೂ ಕೂರ್ತೀನಿ. ಎಲ್ಲಿ ಒತ್ಬೇಕು ತೋರ್ಸು. ನನ್ನ ನಾನೇ ಕೂರ್ಸ್ಕತ್ತೀನಿ.”

ತೋರಿಸಿದೆ — ಇದು ಹೊರಗೆ, ಇದು ಒಳಗೆ. ಒತ್ತಿದರು. ಹೆಸರು ಕೆಳಕ್ಕೆ ಜಾರಿತು. ಮಚ್ಚು ಅಟ್ಟಕ್ಕೆ ಹೋಯಿತು. ನಂಬಲಾಗುತ್ತಿಲ್ಲ.

ಅಕ್ಟೋಬರ್ 15

ಆರು ಪಂದ್ಯ, ಆರು ಸೋಲು. ಹನ್ನೊಂದನೇ ಸ್ಥಾನ. ಅಪ್ಪ ಜಗಲಿಯ ಕುರ್ಚಿ ಬಿಟ್ಟು ಏಳುತ್ತಿಲ್ಲ. ಹನ್ನೊಂದು ಗಂಟೆಗೆ ಅಮೆರಿಕದಿಂದ ಫಲಿತಾಂಶ ಬರುತ್ತಲೇ ಕೇಳುತ್ತಾರೆ. ಸೋತೆವು ಅಂದರೆ ಬೈಗುಳ ನನಗೆ.

“ನಾನಿಲ್ದೆ ಒಂದ್ ಮ್ಯಾಚ್ ಗೆಲ್ಲಕ್ಕಾಗಲ್ವಾ ನಿಮ್ಗೆ?”

ಅಕ್ಟೋಬರ್ 17

ಮೀಟರ್ ಹಸಿರು. ಪೂರ್ತಿ ಹಸಿರು. ಇವತ್ತೇ ಆಡಿಸಬಹುದಿತ್ತು. ಆಡಿಸಿದರೆ ಅಪ್ಪ ನಾಳೆ ತೋಟದಲ್ಲಿ. ಇನ್ನೂ ಏಳು ದಿನ ಬೇಕು. ಕೆಂಪು ಇನ್ನೂ ಹೋಗಿಲ್ಲ ಅಂದುಬಿಟ್ಟೆ. ನನ್ನ ಮುಖವನ್ನೇ ನೋಡಿದರು, ಆಮೇಲೆ ಟ್ಯಾಬಿನತ್ತ.

ಬಸವ ಫೋನಿನಲ್ಲೇ ಹಾರಾಡಿದ. “ತಲೆ ಕೆಟ್ಟೈತೇನ್ಲಾ? ಇವತ್ತು ಹನ್ನೆರಡಕ್ಕಿಳಿದು ಕಟ್ಟಕಡೆಗೆ ಬಿದ್ದಿದ್ದೀಯ. ಅವನ್ನ ಮೈದಾನಕ್ಕೆ ಇಳ್ಸು!” ಇಳಿಸುವುದಿಲ್ಲ. ತಂಡ ಹೋದರೆ ಹೋಗಲಿ. ಹಾಗಂದುಕೊಂಡರೂ ಅಂಕಪಟ್ಟಿಯನ್ನು ಮತ್ತೆ ತೆರೆದು ನೋಡಿದೆ. ಐದು ವರ್ಷ.

ಅಕ್ಟೋಬರ್ 20, 11.05

ಗೆದ್ದೆವು! 5–4. ಕೊನೆಯ ಹೊಡೆತ ಹೋಂ ರನ್. ನಂಜುಂಡಯ್ಯ! ಕುರ್ಚಿಯಿಂದೆದ್ದು ಕುಣಿದೆ.

ತಾಳು. ನಾನು ಅವನನ್ನು ಆಡಿಸಿಯೇ ಇಲ್ಲ.

ಆಡುವವರ ಪಟ್ಟಿ ಬದಲಾದ ಸಮಯ ನೋಡಿದೆ — ಬೆಳಿಗ್ಗೆ 5.40. ನಾನು ಮಲಗಿದ್ದೆ. ಟ್ಯಾಬ್ ರಾತ್ರಿಯೆಲ್ಲ ಜಗಲಿಯಲ್ಲೇ ಇತ್ತು. ಹಸಿರು ಯಾವುದು, ಕೆಂಪು ಯಾವುದು ಅಂತ ಹೇಳಿಕೊಟ್ಟವನು ನಾನೇ. ಥೂ.

“ಮಾವ ಆರು ಗಂಟೆಗೇ ತೋಟಕ್ಕೆ ಹೋದ್ರಲ್ರೀ,” ಅಂದಳು ಮಂಜುಳಾ. “ನೀವೇ ಒಪ್ಕೊಂಡಿದ್ದೀರಿ ಅಂದ್ರು. ತಿಂಡಿಗೂ ಬಂದಿಲ್ಲ.”

ಜಗಲಿಯ ಕುರ್ಚಿ ಖಾಲಿ. ಚಪ್ಪಲಿ ಇಲ್ಲ. ಅಟ್ಟದ ಮೇಲೆ ಕೈಯಾಡಿಸಿದೆ. ಮಚ್ಚೂ ಇಲ್ಲ. ತೋಟಕ್ಕೆ ಓಡಬೇಕು —