ಹನ್ನೊಂದು ಹೆಬ್ಬೆರಳು

ನವೆಂಬರ್ ೧೨, ಬುಧವಾರ.

ಮೂರು ವಾರದ ಹಿಂದೆ ಶಿಕ್ಷಕರ ಗುಂಪಿಗೆ ಜ್ವಾಲಾಮುಖಿ ವಿಡಿಯೊದ ಲಿಂಕ್ ಕಳಿಸಿದ್ದೆ. ಹನ್ನೊಂದು ಜನ ಹೆಬ್ಬೆರಳೆತ್ತಿ ಮೆಚ್ಚಿದ್ದರು. ಇವತ್ತು ಹೊಸ ಟೀಚರ್ ಮೆಲ್ಲಗೆ, "ಮೇಡಂ, ಅದು ಓಪನ್ನೇ ಆಗ್ತಿಲ್ಲ, ನನ್ ಫೋನೇ ಸರಿಯಿಲ್ವೇನೋ" ಅಂದಳು. ನೋಡಿದರೆ ನಾನು ಲಿಂಕನ್ನು ಅರ್ಧವೇ ಕಾಪಿ ಮಾಡಿದ್ದೆ. ಅಂದರೆ ಇಷ್ಟು ದಿನ ಒಬ್ಬರೂ ಅದನ್ನು ಒತ್ತಿಯೇ ಇಲ್ಲ. ಭಾನುವಾರವಿಡೀ ಹುಡುಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಸಿಟ್ಟಿನಲ್ಲಿ ಗುಂಪಿನ ಹಳೆಯ ಸಂದೇಶಗಳನ್ನು ನೋಡುತ್ತ ಕೂತೆ. ಜೂನ್‌ನಲ್ಲಿ ಪಕ್ಕದ ತರಗತಿಯ ಮೇಷ್ಟ್ರು ಭಿನ್ನರಾಶಿಯ ಪಾಠವೊಂದನ್ನು ಹಾಕಿದ್ದಾರೆ. ಕೆಳಗೆ ನನ್ನದೇ ಉತ್ತರ: "ತುಂಬಾ ಉಪಯೋಗವಾಯ್ತು ಸರ್." ಈಗ ಮೊದಲ ಸಲ ತೆರೆದೆ. ನನ್ನ ತರಗತಿ ಮೊನ್ನೆ ಪರೀಕ್ಷೆಯಲ್ಲಿ ಎಡವಿದ ಲೆಕ್ಕಗಳೇ ಅದರಲ್ಲಿವೆ.

ಅವರು ಆಗಲೇ ಕೇಳಿದ್ದಾರೆ: "ಯಾವ ಭಾಗ ಮೇಡಂ?"

ಅದಕ್ಕೂ ನಾನು ಹೆಬ್ಬೆರಳು ಒತ್ತಿದ್ದೇನೆ.