ರೆಕ್ಕೆಮುಹೂರ್ತದ ಊರಿನಿಂದ

ಹಿರೇಬಯಲು, ಎರಡು ಸಾವಿರದ ನೂರಾ ಎಂಬತ್ತೇಳನೆಯ ಇಸವಿ, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ತಾರೀಖು

ತಂತಿಬೇಲಿಯ ಪಕ್ಕದಲ್ಲಿ ನಿಂತಿರುವ ನನ್ನ ಮಹಾಜನಗಳೇ,

ತಾರೀಖು ನೋಡಿ ನಗಬೇಡಿ. ಸೂರ್ಯ ಬದಲಾಗಿಲ್ಲ, ಲೆಕ್ಕ ಬದಲಾಗಿದೆ. ಹನ್ನೆರಡು ತಿಂಗಳಿಗೆ ಹಂಚಿ ಮಿಕ್ಕ ದಿನಗಳನ್ನೆಲ್ಲ ಗುಡಿಸಿ ಒಂದೆಡೆ ರಾಶಿ ಹಾಕಿ ಅದಕ್ಕೆ ಉಳಿಕೆ ತಿಂಗಳು ಎಂದು ಹೆಸರಿಟ್ಟಿದ್ದಾರೆ. ಆ ತಿಂಗಳಲ್ಲಿ ಕಚೇರಿ ಇಲ್ಲ, ಶಾಲೆ ಇಲ್ಲ, ನಾಟಕ ಮಾತ್ರ ಉಂಟು. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿಯೋ ವಿಚಿತ್ರವಾಗಿಯೋ ಕೇಳಿಸಿದರೆ ಮನ್ನಿಸಿ. ನಾನು ನೀಲಗಂಗವ್ವ, ಹಿರೇಬಯಲಿನ ನಾಟಕ ಕಂಪನಿಯ ಒಡತಿ. ಭೀಮನ ಪಾರ್ಟು ಮಾಡಿ ಮಾಡಿ ಗಂಟಲು ನಗಾರಿಯಾಗಿದೆ, ಮೆಲ್ಲಗೆ ಬರೆಯುವುದು ಕಲಿತಿಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಹೋಗುತ್ತದೆ, ಉತ್ತರ ತರುವುದಿಲ್ಲ. ಉತ್ತರ ಬಾರದೆಂದು ತಿಳಿದೂ ಬರೆಯಲು ಕೂತಿದ್ದೇನೆಂದರೆ ನನ್ನ ಹೊಟ್ಟೆಯುರಿ ಎಷ್ಟಿರಬೇಕು, ನೀವೇ ಅಂದಾಜು ಮಾಡಿ!

ನಿಮ್ಮ ಊರಾಚೆ ಈಗ ಬೇಲಿ ಹಾಕುತ್ತಿದ್ದಾರಲ್ಲ, ಅಲ್ಲಿಗೆ ಒಂದು ಬಾಂಬರ್ ವಿಮಾನ ಬರಲಿದೆ. ಹೆಸರು ಐರಾವತ. ಬೂದು ಬಣ್ಣ, ಎಂಟು ಇಂಜಿನ್ನು, ನೆಲಕ್ಕೆ ತಾಗೀತೇನೋ ಎಂಬಷ್ಟು ಜೋತ ಹೊಟ್ಟೆ. ಇಪ್ಪತ್ತು ವರ್ಷಕ್ಕೆ ಮುದಿಯಾಗಿ ಮೂಲೆ ಸೇರುತ್ತದೆಂದು ತಂದವರ ಲೆಕ್ಕ. ನೂರು ವರ್ಷ ಹಾರಿತು ಸ್ವಾಮಿ, ನೂರು ವರ್ಷ! ಅಜ್ಜ ಹಾರಿಸಿದ್ದನ್ನು ಮಗ ಹಾರಿಸಿದ, ಮಗನ ನಂತರ ಮೊಮ್ಮಗಳು ಹಾರಿಸಿದಳು. ಇಂಜಿನ್ನು ಬದಲಾಯಿತು, ತಗಡು ಬದಲಾಯಿತು, ಸೀಟು ಬದಲಾಯಿತು, ಕೆಲಸ ಮಾತ್ರ ಬದಲಾಗಲಿಲ್ಲ. ಯಾಕೆಂದರೆ ಚಿಲ್ಲರೆ ಯುದ್ಧ ಮುಗಿಯಲಿಲ್ಲ. ದೊಡ್ಡದೂ ಆಗದೆ, ಮುಗಿಯಲೂ ಒಲ್ಲದೆ, ಇವತ್ತಿಷ್ಟು ನಾಳೆಯಿಷ್ಟು ಎಂದು ದೂರದ ಗಡಿಯಲ್ಲಿ ನಡೆದೇ ಇದ್ದ ಜಗಳಕ್ಕೆ ನಮ್ಮ ಹಿರಿಯರಿಟ್ಟ ಹೆಸರು ಅದು. ಅಂಥ ಯುದ್ಧದ ಸುದ್ದಿ ಊರಿಗೆ ಬರುವುದಿಲ್ಲ. ಊರಿಗೆ ಬರುವುದು ವಿಮಾನದ ಸದ್ದು ಮಾತ್ರ.

ಈಗ ಐರಾವತ ಹಾರುವುದಿಲ್ಲ. ಊರ ಮೈದಾನದಲ್ಲಿ ನಿಂತಿದೆ. ನಮ್ಮ ಕಾಲದ ಬಿಸಿಲು ನಿಮ್ಮದರಂತಲ್ಲ. ಬೀದಿಗಳ ಮೇಲೆಲ್ಲ ಬಟ್ಟೆ ಬಿಗಿದು ನೆರಳುಬೀದಿ ಮಾಡಿಕೊಂಡಿದ್ದೇವೆ, ಆದರೂ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ನೆರಳು ಆ ವಿಮಾನದ ರೆಕ್ಕೆಯದೇ. ಅದರ ಕೆಳಗೆ ಮುದುಕ ಮುದುಕಿಯರು ಅವರೆಕಾಯಿ ಬಿಡಿಸುತ್ತ, ಅಡಕೆ ಕತ್ತರಿಸುತ್ತ ಕೂತು ನೆನಪು ತೆಗೆಯುತ್ತಾರೆ. ಕೇಳಬೇಕು ಆ ಗದ್ದಲವನ್ನು! ವಿಮಾನದಲ್ಲಿ ದುಡಿದವರ ಮಕ್ಕಳಿಗೆ ಅಪ್ಪನ ಬೆನ್ನುನೋವು ನೆನಪು, ಸಮವಸ್ತ್ರದಲ್ಲಿ ಹತ್ತು ಸಲ ಒಗೆದರೂ ಹೋಗದ ಇಂಧನದ ವಾಸನೆ ನೆನಪು. ಕೆಳಗೆ ನಿಂತು ನೋಡಿದವರಿಗೆ ಮನೆಯ ಪಾತ್ರೆ ನೆನಪು. "ನಮ್ಮ ಮನಿ ಮ್ಯಾಗ ಬಂತಂದ್ರ ನಾಗೊಂದಿಗಿ ಮ್ಯಾಲಿನ ತಂಬಿಗಿ ಕುಣೀತಿದ್ವು," ಎನ್ನುತ್ತಾಳೆ ಒಬ್ಬಳು. "ನಿಮ್ಮ ಮನಿ ಯಾವ ದಿಕ್ಕ, ಅದು ಹಾರೋ ದಿಕ್ಕ ಯಾವುದು! ನಿಮ್ಮ ತಂಬಿಗಿ ಕುಣಿದದ್ದು ನಿಮ್ಮತ್ತಿ ಸಿಟ್ಟಿಗೆ," ಎನ್ನುತ್ತಾಳೆ ಇನ್ನೊಬ್ಬಳು. ಇಷ್ಟು ಜಗಳದಲ್ಲಿ ಎಲ್ಲರೂ ಒಪ್ಪುವ ನೆನಪು ಒಂದೇ ಒಂದು. ಐರಾವತ ನಮಗೆ ಕೈ ಬೀಸುತ್ತಿತ್ತು!

ಅದನ್ನು ಬಿಡಿಸಿ ಹೇಳುತ್ತೇನೆ. ಗಡಿಯಿಂದ ಮರಳುವಾಗ ವಿಮಾನ ನಮ್ಮ ಊರ ಮೇಲೆ ತೀರ ಕೆಳಗೆ ಬರುತ್ತಿತ್ತು. ಕೆಲವು ದಿನ ನೆಟ್ಟಗೆ ಬಂದು ಇಳಿಯುತ್ತಿತ್ತು. ಕೆಲವು ದಿನ ರೆಕ್ಕೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿಸುತ್ತಿತ್ತು. ಅದು ನಮಗೇ ಮಾಡಿದ ನಮಸ್ಕಾರ ಎಂದು ಊರು ತಿಳಿಯಿತು. ನಮಸ್ಕಾರ ಶಕುನವಾಯಿತು, ಶಕುನ ಮುಹೂರ್ತವಾಯಿತು. ನನ್ನ ಅಜ್ಜಿಯ ಕಾಲಕ್ಕೆ ಪಂಚಾಂಗ ನೋಡಿ ಮದುವೆ ಮಾಡುವವರೇ ಉಳಿಯಲಿಲ್ಲ, ಎಲ್ಲ ರೆಕ್ಕೆಮುಹೂರ್ತ. ಹಂದರ ಹಾಕಿ, ಬೀಗರನ್ನು ಕೂಡಿಸಿಕೊಂಡು, ಎರಡೂ ಕಡೆಯವರು ಕತ್ತೆತ್ತಿ ಕಾಯುವುದು! ರೆಕ್ಕೆ ಓಲದಿದ್ದರೆ ಮಾಡಿದ ಅನ್ನ ಹಳಸಿತು, ಬೀಗರು ಇನ್ನೊಂದು ದಿನ ಉಂಡರು, ಅಡುಗೆಯವನು "ನಾಳೆನೂ ಓಲದಿದ್ರ ನಾ ಗಂಟು ಕಟ್ಟಾಂವ ನೋಡ್ರಿ" ಎಂದು ಸೌಟು ಬಿಸಾಕಿದ. ನೆಟ್ಟಗೆ ಬಂದ ದಿನ ಹೆಂಗಸರು "ಇವತ್ತಿನಾಂವಗ ಸೊಕ್ಕು" ಎಂದು ಪೈಲಟ್‌ಗೆ ಶಾಪ ಹಾಕಿದರು. ಓಲಿದ ದಿನ ಡೊಳ್ಳು, ಸಿಹಿ, ಅಕ್ಕಿಕಾಳು, ತಾಳಿ! ಹೀಗೆ ನೂರು ವರ್ಷ ನಡೆಯಿತು. ಅಯ್ಯಾ ಪುಣ್ಯಾತ್ಮರೇ, ನೂರು ವರ್ಷದಲ್ಲಿ ಒಬ್ಬನೇ ಒಬ್ಬ ಬೇಲಿಯವರೆಗೆ ನಡೆದುಹೋಗಿ, ಯಾಕಪ್ಪಾ ಓಲಾಡಿಸುತ್ತೀರಿ ಎಂದು ಕೇಳಲಿಲ್ಲ!

ವಿಮಾನ ನಿಂತ ಮೇಲಾದರೂ ಸಂಪ್ರದಾಯ ನಿಂತಿತೇ? ಇಲ್ಲ. ಅದು ನಾಟಕಕ್ಕೆ ಬಂತು. ಪ್ರತಿ ಉಳಿಕೆ ತಿಂಗಳು ಇಳಿಹೊತ್ತಿಗೆ, ಆ ದೊಡ್ಡ ರೆಕ್ಕೆಯ ನೆರಳಿನಲ್ಲೇ ನಮ್ಮ ಕಂಪನಿಯವರು ಐರಾವತದ ನಾಟಕ ಆಡುತ್ತೇವೆ. ಮೂರನೆಯ ಅಂಕದಲ್ಲಿ ಬಿದಿರು, ಬಟ್ಟೆಯ ವಿಮಾನ ರಂಗಕ್ಕೆ ಬಂದು ರೆಕ್ಕೆ ಓಲಾಡಿಸುತ್ತದೆ. ಅದರ ಕೆಳಗೆ ನಿಜವಾದ ವಧು, ನಿಜವಾದ ವರ, ನಿಜವಾದ ತಾಳಿ. ಈ ವರ್ಷದ ವಧು ಮುಕ್ತಾ, ದ್ಯಾಮವ್ವಜ್ಜಿಯ ಮೊಮ್ಮಗಳು. ದ್ಯಾಮವ್ವಜ್ಜಿಯ ಮದುವೆಯೆಂದರೆ ಊರಿಗೆಲ್ಲ ಮಾದರಿ ರೆಕ್ಕೆಮುಹೂರ್ತ. ಯಾಕೆಂದರೆ ಅವತ್ತು ಓಲಾಡಿದ ವಿಮಾನದೊಳಗೆ ಕೂತಿದ್ದವನು ಅವಳ ಒಡಹುಟ್ಟಿದ ಅಣ್ಣ, ದಾರಿ ಹೇಳುವ ನ್ಯಾವಿಗೇಟರ್, ಯಮನೂರಪ್ಪ ಗಾಣಿಗೇರ. ಐರಾವತದಲ್ಲಿ ಹಾರಿದವರ ಪೈಕಿ ಇವತ್ತಿಗೆ ಬದುಕಿ ಉಳಿದವನು ಅವನೊಬ್ಬನೇ. ತೊಂಬತ್ತು ದಾಟಿದ ಆ ಅಜ್ಜ ತಾಲೀಮಿನ ದಿನ ಕೋಲೂರಿಕೊಂಡು ಬಂದು, "ನೀಲಗಂಗವ್ವಾ, ನಂಗೊಂದು ಪಾರ್ಟು ಕೊಡು," ಎಂದ.

"ಅಜ್ಜಾ, ನೀ ಕೂತಲ್ಲೇ ನಿದ್ದಿ ಮಾಡಾಂವ, ನಿಂಗ್ಯಾವ ಪಾರ್ಟು?" ಎಂದೆ.

"ನನ್ನ ಪಾರ್ಟೇ ಕೊಡು. ಆ ಹುಡುಗಿ ಕೊಳ್ಳಿಗೆ ತಾಳಿ ಬೀಳೂದ್ರೊಳಗ ಒಂದು ಮಾತು ಹೇಳಬೇಕು. ಮನ್ಯಾಗ ಹೇಳಾಕ ಹೋದ್ರ ದ್ಯಾಮವ್ವ ಊಟಕ್ಕ ಬಾ ಅಂತಾಳ."

ನಾಟಕ ನಡೆಸುವ ಊರ ಕಮಿಟಿಯವರಿಗೆ ವಾಸನೆ ಹತ್ತಿತು. ಮುಂದಿನ ಸಾಲಿನವರೆಲ್ಲ ರೆಕ್ಕೆಮುಹೂರ್ತದಲ್ಲಿ ಮದುವೆಯಾದವರು, ಮುದುಕ ಏನಾದರೂ ಅಂದು ಶುಭಕಾರ್ಯ ಕೆಡಿಸಿದರೆ ಯಾರು ಹೊಣೆ ಎಂದು ಬೊಬ್ಬೆ ಹಾಕಿದರು. ಅಲ್ಲ ಕಣ್ರಯ್ಯ! ವಿಮಾನದ ಪಾರ್ಟಿಗೆ ಬಿದಿರು ಉಂಟು, ಅಡುಗೆಯವನ ಪಾರ್ಟು ಉಂಟು, ಹಳಸಿದ ಅನ್ನಕ್ಕೂ ಒಂದು ಹಾಡುಂಟು. ಒಳಗೆ ಕೂತಿದ್ದವನಿಗೆ ಮಾತ್ರ ಮಾತಿಲ್ಲವೇ? ಭೀಮನ ಗಂಟಲಲ್ಲಿ ಗದರಿಸಿ ಪಾರ್ಟು ಕೊಟ್ಟೆ.

ಮೂರನೆಯ ಅಂಕ. ಡೊಳ್ಳು ನಿಂತಿತು. ಮುಕ್ತಾ ಮತ್ತು ವರ ಮಣೆಯ ಮೇಲೆ ನಿಂತಿದ್ದಾರೆ, ಸಭಿಕರೆಲ್ಲ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದಿದ್ದಾರೆ. ಬಿದಿರಿನ ಐರಾವತ ಒಳಬರುವ ಮೊದಲು ಯಮನೂರಪ್ಪಜ್ಜ ದೀಪದ ಮುಂದೆ ಬಂದು ನಿಂತ. ಬಣ್ಣ ಹಚ್ಚಿರಲಿಲ್ಲ.

"ರೆಕ್ಕಿ ಓಲಾಡಿಸಿದ್ದು ನಿಮಗಲ್ರಿ," ಎಂದ. "ಬೇಲಿ ಒಳಗ ಬಾಂಬು ಏರಸೋ ಮಂದಿ ಇರ್ತಿದ್ರು, ಅವ್ರಿಗೆ. ವಿಮಾನದ ಹೊಟ್ಟಿ ಖಾಲಿ ಐತಿ, ಅಂಜದ ಹತ್ರ ಬರ್ರಿ ಅಂತ. ಬಾಂಬು ಹಾಕೋ ಹುಕುಂ ಬರದಿದ್ರ ತುಂಬಿದ ಹೊಟ್ಟಿಲೆ ತಿರುಗಿ ಬರ್ತಿದ್ವಿ. ತುಂಬಿದ್ದಾಗ ಓಲಾಡಸಂಗಿಲ್ಲ, ನೆಟ್ಟಗ ಬರಬೇಕು. ಓಲಾಡಿತು ಅಂದ್ರ ಎಲ್ಲೋ ಹಾಕಿ ಬಂದೀವಿ ಅಂತರ್ಥ. ನಿಮ್ಮ ಒಂದೊಂದು ಮದುವಿ ದಿನಾನೂ ಯಾವುದೋ ಊರಾಗ ಮನಿ ಬಿದ್ದಾವ. ಈ ಕೂಸಿಂದು ಹಂಗ ಆಗೂದು ಬ್ಯಾಡ."

ಸಭೆಯಲ್ಲಿ ಒಬ್ಬ, "ಯಜ್ಜಾ, ಇದು ಬಿದಿರಿಂದು, ಇದ್ರಾಗ ಬಾಂಬು ಇಲ್ಲ, ಕೆಳಗ ಇಳಿ," ಎಂದು ಕೂಗಿದ. ಕೆಲವರು ನಕ್ಕರು. ಆಗ ಮುಂದಿನ ಸಾಲಿನಿಂದ ದ್ಯಾಮವ್ವಜ್ಜಿ ಎದ್ದಳು. ನಗು ನಿಂತಿತು.

"ಯಣ್ಣಾ, ನನ್ನ ಮದುವಿ ದಿನ ಎಲ್ಲಿ ಬಿದ್ದಿತ್ತು?"

"ಅಂಕಿ ನೆನಪೈತಿ ತಂಗಿ. ನಕಾಶೆ ಅಂಕಿ."

"ಅಂಕಿ ಕೇಳಲಿಲ್ಲ. ಊರು ಯಾವುದು? ಯಾರ ಮನಿ?"

"ಊರ ಹೆಸರು ನಮಗ ಹೇಳ್ತಿರಲಿಲ್ಲವ್ವಾ."

"ನೀನೂ ಕೇಳಲಿಲ್ಲ?"

ಅಜ್ಜ ಇಲ್ಲವೆಂದು ತಲೆಯಾಡಿಸಿದ. ಅವಳು ಕೂರಲಿಲ್ಲ. ಬಿದಿರಿನ ವಿಮಾನ ಹೊತ್ತವರು ಪರದೆಯ ಪಕ್ಕದಲ್ಲಿ ಬೆವರುತ್ತ, ಮುಂದೇನು ಎಂದು ನನ್ನ ಮುಖ ನೋಡಿದರು. ಹೇಳಿದವಳು ಮುಕ್ತಾ. ಬಾಸಿಂಗ ಕಟ್ಟಿದ ತಲೆ ಹೊರಳಿಸಿ, "ಒಳಗ ಬರ್ರಿ, ಆದ್ರ ರೆಕ್ಕಿ ಓಲಾಡಸಬ್ಯಾಡ್ರಿ. ನೆಟ್ಟಗ ಹಿಡೀರಿ. ತುಂಬಿದ ಹೊಟ್ಟಿಲೆ ಬಂತು ಅಂತ ತಿಳಕೊಳ್ಳೂಣು," ಎಂದಳು. ಹೊತ್ತವರು ಬಂದರು. ಓಲಾಡಿಸಿಯೇ ರೂಢಿಯಾದವರು, ನೆಟ್ಟಗೆ ಹಿಡಿಯಲು ಬಿದಿರನ್ನು ಹೆಗಲಿಗೆ ಒತ್ತಿಕೊಂಡರು. ಆ ನೇರ ರೆಕ್ಕೆಯ ಕೆಳಗೆ ತಾಳಿ ಕಟ್ಟಿದರು. ಅರ್ಧ ಸಭೆ ಅಕ್ಕಿಕಾಳು ಹಾಕಿತು. ಉಳಿದರ್ಧ ಅದನ್ನು ಮುಷ್ಟಿಯಲ್ಲೇ ಮನೆಗೆ ಒಯ್ದು, ಮುಹೂರ್ತ ಕೆಟ್ಟಿತೆಂದು ಇವತ್ತಿಗೂ ನನ್ನನ್ನು ಬೈಯುತ್ತಿದೆ. ಬೈಯಲಿ.

ನನಗೆ ಮೈಯುರಿಯುವುದು ಬೇರೆ ಕಾರಣಕ್ಕೆ. ದ್ಯಾಮವ್ವಜ್ಜಿ ದಿನಾ ಬೆಳಿಗ್ಗೆ ಅಣ್ಣನ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಾಳೆ, ಅವನು ಅದೇ ಅಂಕಿ ಹೇಳುತ್ತಾನೆ. ಆ ಅಂಕಿ ಹಿಡಿದು ಹುಡುಕಿದರೆ ಈಗ ಅಲ್ಲಿ ಬರೀ ಜಾಲಿಕಂಟಿ. ಯಾವ ಊರಿತ್ತು ಎಂದು ಹೇಳುವವರಿಲ್ಲ. ಉತ್ತರ ಇದ್ದ ಕಾಲದಲ್ಲಿ ಕೇಳುವವರಿರಲಿಲ್ಲ, ಕೇಳುವವಳು ಎದ್ದು ನಿಂತ ಕಾಲಕ್ಕೆ ಉತ್ತರವಿಲ್ಲ. ಎಂಥ ಕರ್ಮ ನೋಡಿ!

ಆದ್ದರಿಂದ, ಬೇಲಿಯ ಪಕ್ಕದ ನನ್ನ ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಮೊದಲ ಸಲ ಐರಾವತ ನಿಮ್ಮ ತಲೆಯ ಮೇಲೆ ರೆಕ್ಕೆ ಓಲಾಡಿಸಿದಾಗ ಚಪ್ಪಾಳೆ ತಟ್ಟಬೇಡಿ, ಹಂದರ ಹಾಕಬೇಡಿ. ಅದನ್ನು ಹಾರಿಸಿದವನೇನು ದೇವಲೋಕದಿಂದ ಇಳಿದವನಲ್ಲ. ಡ್ಯೂಟಿ ಮುಗಿದ ಮೇಲೆ ನಿಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಗೇ ಬಂದು, ನಿಮ್ಮ ಪಕ್ಕದ ಬೆಂಚಿನಲ್ಲೇ ಕೂತು ಚಹಾ ಕುಡಿಯುತ್ತಾನೆ. ಎಲ್ಲಿ ಹಾಕಿ ಬಂದೆ, ಆ ಊರಿನ ಹೆಸರೇನು ಎಂದು ಕೇಳಿ. ಗೊತ್ತಿಲ್ಲ ಎಂದರೆ, ತಿಳಿದುಕೊಂಡು ಬಾರಪ್ಪಾ ಎಂದು ಕಳಿಸಿ. ಮರುದಿನವೂ ಕೇಳಿ.